ಒಂದೇ ಕಣ್ಣು ಕಾಣಬೇಕು
ಭಾನುವಾರ ಪೇಂಟ್‌ಬಾಲ್ ಮೈದಾನಕ್ಕೆ ಮೋಜಿಗೆ ಬರುವವರು ಕೂಗಾಡಿ, ಸಿಕ್ಕಸಿಕ್ಕಲ್ಲಿ ಬಣ್ಣದ ಗುಂಡು ಹಾರಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪಂದ್ಯಕ್ಕೆ ಇಳಿಯುವ ನಮ್ಮ ಕನ್ನಡಕದಂಗಡಿಯವನ ದಾರಿಯೇ ಬೇರೆ. ವಾರವಿಡೀ ಅವನು ಒಂದು ಗುಂಡೂ ಹಾರಿಸುವುದಿಲ್ಲ. ಬೀರುವಿನ ಮರೆಯಲ್ಲಿ ಮಂಡಿಯೂರಿ, ಎದುರಾಳಿಯ ಗುರಿಗೆ ಸಿಗಬಾರದೆಂದು, ಎದುರಿನ ಕನ್ನಡಿಯಲ್ಲಿ ತನ್ನ ಒಂದು ಕಣ್ಣು ಮಾತ್ರ ಕಾಣುವ ಹಾಗೆ ಇಣುಕುತ್ತಾನೆ. ಬಲಗಡೆಯಿಂದ ನೂರು ಸಲ, ಎಡಗಡೆಯಿಂದ ನೂರು ಸಲ. ಕಿವಿ ಕಂಡಿತೋ, ಮತ್ತೆ ಮೊದಲಿನಿಂದ. ಎಡಗಡೆಯಿಂದ ಗುಂಡು ಹಾರಿಸಲು ಎಡಗೈ ಪಳಗಲೆಂದು ಹಲ್ಲುಜ್ಜುವುದೂ ಎಡಗೈಯಲ್ಲೇ. ಅಡುಗೆಮನೆಗೂ ಗೋಡೆಗೆ ಬೆನ್ನು ಹಚ್ಚಿಕೊಂಡೇ ಬರುತ್ತಾನೆ. "ಬಾಗಿಲಲ್ಲಿ ನೆಟ್ಟಗೆ ಬರೋಕೆ ಏನ್ರೀ ಕಷ್ಟ?" ಎಂದು ಹೆಂಡತಿ ಕೇಳಿ ಕೇಳಿ ಸೋತಿದ್ದಾಳೆ. ಗುಂಡು ತಾಗಿದ ಕೂಡಲೇ ಕೈಯೆತ್ತಿ, ತುಟಿಪಿಟಿಕ್ಕೆನ್ನದೆ ಆಟದಿಂದ ಹೊರನಡೆಯುವುದನ್ನೂ ಅವನು ಅಭ್ಯಾಸ ಮಾಡುತ್ತಾನೆ; ತಾಗಿದ ಬಣ್ಣ ಒರೆಸಿಕೊಂಡು ಆಡುವವರನ್ನು ಕಂಡರೆ ಅವನಿಗಾಗದು. ಮೊನ್ನೆ ಊಟಕ್ಕೆ ಕುಳಿತಾಗ ಮಗಳು, "ಅಪ್ಪಾ, ನನ್ನ ನಾಟಕಕ್ಕೆ ನೀನು ಬರಲೇ ಇಲ್ಲ," ಅಂದಳು. ಅವನು ಮೆಲ್ಲಗೆ ಕೈಯೆತ್ತಿದ. ಇನ್ನೇನು ಎದ್ದು ಹೋಗುತ್ತಾನೆಂದು ಹೆಂಡತಿ ಅವನ ತಟ್ಟೆ ಮುಚ್ಚಲು ಬಂದಳು. ಅವನು ಏಳಲಿಲ್ಲ, ಕೈ ಇಳಿಸಿ, ಇಡೀ ಮುಖವನ್ನು ಮಗಳತ್ತ ತಿರುಗಿಸಿ, "ಯಾವ ಪಾತ್ರ ನಿಂದು? ಈಗ ಮಾಡಿ ತೋರಿಸು," ಅಂದ.