ಹಗ್ಗ ಹಿಡಿಯುವ ಮೊದಲು

ಕೆಂಪು ಅಂಗಿಯವನು ಬದುಕಿದ್ದಾನೆ. ಇದನ್ನು ಮೊದಲೇ ಹೇಳಿ ಮುಂದಿನದನ್ನು ಬರೆಯುತ್ತೇನೆ.

ಕಾರವಾರದ ಒಂದು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಥೆಯ ಪಾಠ ಬಂದಾಗ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದೆ: ಓದುವವರಿಗೆ ಏನೋ ಒಂದು ಗೊತ್ತಾಗದೆ ಉಳಿಯಬೇಕು, ಆಗ ಪುಟ ತಿರುಗಿಸುತ್ತಾರೆ, ಕೊನೆಯನ್ನು ಆದಷ್ಟು ತಡವಾಗಿ ಕೊಡಿ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಈ ವರ್ಷ ಆ ಪಾಠ ಇನ್ನೂ ಮಾಡಿಲ್ಲ.

ಬೊಬ್ರುವಾಡದ ನಮ್ಮ ಮನೆಯಿಂದ ಕಡಲು ದೂರವಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ದಂಡೆಯಲ್ಲಿ ಸ್ವಲ್ಪ ನಡೆದು ಬರುವುದು ನನ್ನ ರೂಢಿ. ಅಂದು ಅಲೆ ದೊಡ್ಡದಿತ್ತು. ಮೂವರಿದ್ದ ದೋಣಿಯೊಂದು ದಂಡೆಗೆ ಬರುತ್ತಿತ್ತು. ನೋಡಲು ಚೆಂದವಿತ್ತು, ಫೋನ್ ತೆಗೆದು ವಿಡಿಯೋ ಮಾಡತೊಡಗಿದೆ. ಒಂದು ಅಲೆ ದೋಣಿಯನ್ನು ಹಿಂದಿನಿಂದ ಎತ್ತಿತು. ದೋಣಿ ಅಡ್ಡ ತಿರುಗಿ ಮಗುಚಿತು. ನೀರಿನಲ್ಲಿ ಎರಡು ತಲೆ ಕಂಡವು. ಕೆಂಪು ಅಂಗಿ ಕಾಣಲಿಲ್ಲ. ಅದನ್ನು ತೊಟ್ಟವನು ನಮ್ಮ ಮನೆಗೆ ಮೀನು ಕೊಡುವವಳ ಗಂಡ.

ನನ್ನ ಕೈ ಫೋನ್ ಹಿಡಿದೇ ಇತ್ತು. ಯಾಕೆ ಎಂದು ಇವತ್ತಿಗೂ ಹೇಳಲಾರೆ. ದಂಡೆಯಲ್ಲಿದ್ದವನೊಬ್ಬ ಕೂಗಿದ, "ಅಕ್ಕೋರೇ, ಫೋನ್ ಬಿಡಿ, ಹಗ್ಗ ಹಿಡೀರಿ!" ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಮಗುಚಿದ ದೋಣಿಗೆ ಕಟ್ಟಿದ್ದ ಹಗ್ಗವನ್ನು ಎಲ್ಲರೂ ಎಳೆದೆವು. ಹಗ್ಗ ಹರಿಯಿತು. ಇನ್ನೊಂದು ತರಲು ಇಬ್ಬರು ಓಡಿದರು. ಆ ನಡುವೆ ಮಾಡಲು ಏನೂ ಇರಲಿಲ್ಲ. ಕಾಲೇಜಿನ ಗುಂಪಿಗೆ 'ತಡವಾಗಿ ಬರುತ್ತೇನೆ, ಇಲ್ಲಿ ಹೀಗಾಗಿದೆ' ಎಂದು ಬರೆದೆ. ಬರೆದದ್ದರ ಜೊತೆ ಆ ವಿಡಿಯೋವನ್ನೂ ಕಳಿಸಿದೆ.

ಎರಡನೆಯ ಹಗ್ಗಕ್ಕೆ ದೋಣಿ ಬಂತು. ಹೊರಳಿಸಿದರೆ ಅವನು ಒಳಗಿದ್ದ. ಕಾಲಿಗೆ ಬಲೆ ಸುತ್ತಿತ್ತು, ಹಲಗೆ ತಬ್ಬಿಕೊಂಡು ದೋಣಿಯ ಅಡಿಗೆ ಉಳಿದ ಗಾಳಿಯಲ್ಲಿ ಉಸಿರಾಡುತ್ತಿದ್ದನಂತೆ. ನೀರು ಕಾರಿದ. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದರು. ನಾನು ಗುಂಪಿನಲ್ಲಿ 'ಸಿಕ್ಕಿದ, ಆರಾಮಿದ್ದಾನೆ' ಎಂದು ಬರೆದೆ.

ಅವನ ಹೆಂಡತಿ ಆ ಹೊತ್ತಿಗೆ ಕಾರವಾರದ ಮೀನು ಪೇಟೆಯಲ್ಲಿದ್ದಳು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ದೋಣಿಯಲ್ಲಿದ್ದ ಅವನ ತಮ್ಮ ನನಗೆ, "ನೀವು ಹೆಂಗೂ ಹೋಗ್ತೀರಲ್ಲ ಅಕ್ಕೋರೇ, ಅತ್ತಿಗೆಗೆ ಹೇಳಿಬಿಡಿ" ಎಂದ. ಒದ್ದೆ ಸೀರೆಯಲ್ಲೇ ಕಾರವಾರದ ಬಸ್ ಹತ್ತಿದೆ.

ಹಟ್ಟಿಕೇರಿ ದಾಟುವಷ್ಟರಲ್ಲಿ ಪಕ್ಕದ ಸೀಟಿನವರ ಫೋನಿನಿಂದ ನನಗೆ ಗೊತ್ತಿರುವ ಕೂಗು ಕೇಳಿತು. ಹಗ್ಗ ಹಿಡೀರಿ. ಅವರು ಮತ್ತೆ ಮೊದಲಿನಿಂದ ಹಾಕಿದರು.

"ಆಮೇಲೆ ಎಂತಾಯ್ತೋ ಏನೋ," ಎಂದರು ನನ್ನತ್ತ ತಿರುಗಿ. "ನಮ್ಮ ಭಾವನಿಗೆ ಕಳಿಸಿದೆ, ಅವನಿಗೂ ಗೊತ್ತಿಲ್ಲವಂತೆ."

"ಬದುಕಿದ್ದಾನೆ."

"ಹೌದಾ?" ಎಂದರು. ಫೋನ್ ಕಿಸೆಗೆ ಹೋಯಿತು.

ವಿಡಿಯೋ ಮುಂದೆ ಮುಂದೆ ಹೋಗಿತ್ತು, ಅದರ ಕೆಳಗೆ ನಾನು ಬರೆದ ಸಾಲು ಹೋಗಿರಲಿಲ್ಲ. ಕೊನೆಯಿಲ್ಲವೆಂದೇ ಅದು ಕೈಯಿಂದ ಕೈಗೆ ದಾಟುತ್ತಿತ್ತು. ನಾನು ಕಲಿಸಿದ ಪಾಠವೇ.

ಪೇಟೆಯಲ್ಲಿ ಅವಳು ಬಂಗಡೆಯ ಬುಟ್ಟಿಯ ಮುಂದೆ ಕೂತು ಗಿರಾಕಿಯೊಬ್ಬರ ಜೊತೆ ಜೋರಾಗಿ ಚೌಕಾಸಿ ಮಾಡುತ್ತಿದ್ದಳು. ಸದ್ಯ, ಇನ್ನೂ ನೋಡಿಲ್ಲ ಎಂದುಕೊಂಡೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು, ಮರಳು ಮೆತ್ತಿದ ಕಾಲು ನೋಡಿದಳು. ಕೈಯಲ್ಲಿದ್ದ ಮೀನು ಬಿತ್ತು.

ನಾನು ಮೇಷ್ಟ್ರ ಚಾಳಿಯಂತೆ ಮೊದಲಿನಿಂದ ಶುರು ಮಾಡಿದೆ. "ಬೆಳಿಗ್ಗೆ ಅಲೆ ದೊಡ್ಡದಿತ್ತು..."

"ಅಲೆ ಕಟ್ಕೊಂಡು ನಂಗೇನು! ಇದ್ದಾರಾ ಇಲ್ವಾ?"

"ಇದ್ದಾನೆ. ಆರಾಮಿದ್ದಾನೆ."

ಅವಳು ಬಿದ್ದ ಮೀನನ್ನು ಎತ್ತಿ ಬುಟ್ಟಿಗೆ ಹಾಕಿದಳು. ಆಮೇಲೆ ಹೇಳಿದಳು, "ವಿಡಿಯೋ ನಾಕು ಜನ ತೋರ್ಸಿದ್ರು. ನಾ ಹೆದರ್ಲಿಲ್ಲ. ನಮ್ಮಲ್ಲಿ ಹೋದವರ ಸುದ್ದಿ ಫೋನಲ್ಲಿ ಬರೂದಿಲ್ಲ ಅಕ್ಕೋರೇ. ಯಾರಾದ್ರೂ ನಡ್ಕೊಂಡು ಬಂದು ಎದುರು ನಿಂತು ಹೇಳ್ತಾರೆ. ಅದ್ಕೇ ಫೋನೂ ಎತ್ತದೆ, ಯಾರೂ ಬರ್ಲಿಲ್ಲ, ಯಾರೂ ಬರ್ಲಿಲ್ಲ ಅಂತ ಮೀನು ಮಾರ್ತಾ ಕೂತಿದ್ದೆ. ನೀವು ಬಂದ್ರಿ."

ಅವಳೇ ಮಣೆ ಸರಿಸಿದಳು. "ಕುತ್ಕೊಳ್ಳಿ. ಈಗ ಹೇಳಿ, ಅಲೆಯಿಂದ."

ಎಲ್ಲವನ್ನೂ ಹೇಳಿದೆ. ಅಕ್ಕಪಕ್ಕದ ಮೀನಿನವರೂ ಹತ್ತಿರ ಸರಿದರು. ಕೊನೆ ಎಲ್ಲರಿಗೂ ಗೊತ್ತಿತ್ತು, ಆದರೂ ಒಬ್ಬರೂ ಏಳಲಿಲ್ಲ.

"ಬಲೆ?" ಎಂದಳು.

"ಹರಿದಿದೆ."

ಪಕ್ಕದವಳು ನಕ್ಕಳು. "ಗಂಡ ಸಿಕ್ಕಿದ್ರೂ ಬಲೆ ಕೇಳ್ತಾಳೆ ನೋಡಿ!"

"ಗಂಡಗೆ ಈಜು ಬತ್ತದೆ, ಬಲೆಗೆ ಬತ್ತದಾ? ಎದ್ದ ಮೇಲೆ ಅವರು ಎಂತ ಅಂದ್ರು ಅಕ್ಕೋರೇ?"

"ಬೀಡಿ ಕೇಳಿದ."

"ನಾ ಬಿಡಿಸಿದ್ದೆ ಅದನ್ನ!" ಎಂದಳು. ಆಗ ಅತ್ತಳು.

ಕಣ್ಣು ಒರೆಸಿಕೊಂಡು, "ನಿಮ್ಮ ಫೋನ್ ಕೊಡಿ" ಎಂದಳು. ನನ್ನ ಮಣಿಕಟ್ಟು ಹಿಡಿದುಕೊಂಡು ವಿಡಿಯೋ ನೋಡಿದಳು. ದೋಣಿ ಅಡ್ಡ ತಿರುಗುವಾಗ ಅವಳ ಹಿಡಿತ ಬಿಗಿಯಾಯಿತು. "ಇನ್ನೊಂದ್ಸಲ ಹಾಕಿ" ಎಂದಳು. ಮೂರು ಸಲ ನೋಡಿದಳು. ಮೂರು ಸಲವೂ ಅಷ್ಟೇ ಬಿಗಿ.

ಕಳೆದ ಶನಿವಾರ ಅವನೇ ಮನೆಗೆ ಮೀನು ತಂದಿದ್ದ, ಅದೇ ಅಂಗಿಯಲ್ಲಿ. ಚಹಾ ಕುಡಿದು ಹೋದ. ಗೇಟು ಹಾಕಿದ ಸದ್ದು ಕೇಳಿದ ಮೇಲೆ ನಾನು ವಿಡಿಯೋ ತೆರೆದೆ. ಕೂಗು ಬರುವವರೆಗೂ ಉಸಿರು ಬಿಡಲಿಲ್ಲ.