ಎರಡು ಉಸಿರು ತಡೆದು ಹೊರಡುವ ಮೋಟಾರು

ರಾಯದುರ್ಗದ ಡ್ರೈವರ್ ಬೊಮ್ಮಣ್ಣನನ್ನು ಬಂಗಾರದಂಥ ಮನುಷ್ಯ ಅನ್ನುವವರಿದ್ದರು, ಗುಮ್ಮನಗುಸುಕ ಅನ್ನುವವರೂ ಇದ್ದರು. ಎರಡೂ ನಿಜವೇ. ಮನುಷ್ಯನಿಗೆ ಒಂದೇ ಗುಣ ಇರಬೇಕು ಅಂತ ಯಾವ ಶಾಸನದಲ್ಲಿ ಬರೆದಿದೆ? ಇದು ಪೆಟ್ರೋಲಿಗೆ ಯುದ್ಧದ ಕೂಪನ್ನು ಬರುವುದಕ್ಕೂ ಮುಂಚಿನ ಮಾತು. ಊರಲ್ಲಿ ಆಗ ಮೋಟಾರು ಇದ್ದದ್ದು ಬೆರಳೆಣಿಕೆಯಷ್ಟು. ಅದರಲ್ಲೊಂದು ಬಟ್ಟೆ ವ್ಯಾಪಾರದ ಸಣ್ಣಬಸಪ್ಪನವರದು. ಅದನ್ನು ಓಡಿಸುತ್ತಿದ್ದವನೇ ಬೊಮ್ಮಣ್ಣ.

ಅವನು ಗುಮ್ಮಘಟ್ಟದ ಕಡೆಯ ಕುರಿ ಕಾಯುವ ಮನೆತನದವನು. ಮಂದೆ ಬಿಟ್ಟು ಬಳ್ಳಾರಿಗೆ ಹೋಗಿ ಡ್ರೈವರಿಕೆ ಕಲಿತ. ಅಣ್ಣತಮ್ಮಂದಿರು, "ನಮ್ಮ ಕೈಗೆ ಹತ್ತಲಾರದವ" ಅಂತ ಕೈ ತೊಳೆದುಕೊಂಡರು. ಕಟ್ಟಿಕೊಂಡ ಉಜ್ಜಿನಮ್ಮ ಮೂರನೇ ವರ್ಷ ಜ್ವರದಲ್ಲಿ ಹೋದಳು. ಮಕ್ಕಳಿಲ್ಲ ಮರಿಯಿಲ್ಲ. ಊಟ ಧಣಿಗಳ ಹಿತ್ತಲ ಕಟ್ಟೆಯ ಮೇಲೆ, ಮಲಗುವುದು ಮೋಟಾರಿನ ಶೆಡ್ಡಿನಲ್ಲಿ. ಹಬ್ಬದ ದಿನ ಹೋಳಿಗೆ ತಟ್ಟೆಗೆ ಬೀಳುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ "ಇನ್ನೊಂದು ಹಾಕಿಸಿಕೋ" ಅನ್ನುವ ಬಾಯಿ ಇರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಜೀವ ಮಾತ್ರ ಬಿಕೋ ಅನ್ನುತ್ತಿತ್ತು.

ವಾರದಲ್ಲಿ ಒಂದು ದಿನ ಮಾತ್ರ ಬೇರೆ. ಸಣ್ಣಬಸಪ್ಪನವರು ತೀರಿಕೊಂಡ ಮೇಲೆ ಅವರ ಹೆಂಡತಿ ಸರ್ವಮಂಗಳಮ್ಮ ಪ್ರತಿ ಸೋಮವಾರ ಹಿರೇಹಾಳಿನ ತವರಿಗೆ ಹೋಗಿ ಬರುತ್ತಿದ್ದರು. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು. ಆಕೆ ಹಿಂದೆ, ಬೊಮ್ಮಣ್ಣ ಮುಂದೆ.

ಆಕೆಗೆ ಬಸಲಿಂಗಮ್ಮ ಅಂತ ಒಬ್ಬ ಮಗಳಿದ್ದಳು. ಏಳು ವರ್ಷಕ್ಕೇ ಸತ್ತಳು. "ಈ ಮನಿಯಾಗ ಆ ಹೆಸರು ಎತ್ತಬ್ಯಾಡ, ನನ್ನ ಕೈಲೆ ತಡಕಣಾಕ ಆಗಲ್ಲ" ಅಂತ ಗಂಡ ಅಂದಿದ್ದರು. ಅವರು ಸತ್ತ ಮೇಲೂ ಆ ಮಾತು ಮನೆಯಲ್ಲಿ ಹಾಗೇ ಕೂತಿತ್ತು. ಮೋಟಾರು ಮನೆಯಲ್ಲವಲ್ಲ! ಊರು ದಾಟಿತೋ ಇಲ್ಲವೋ, ಸರ್ವಮಂಗಳಮ್ಮನ ಬಾಯಲ್ಲಿ ಬಸಲಿಂಗಿ. ಬಸಲಿಂಗಿಯ ಹಟ, ಬಸಲಿಂಗಿಯ ಬೆಲ್ಲದ ಕಳ್ಳತನ, ಬಸಲಿಂಗಿ ಇದ್ದಿದ್ದರೆ ಈಗ ಎಷ್ಟು ಮಕ್ಕಳ ತಾಯಿ. ಬೊಮ್ಮಣ್ಣ ದಾರಿ ನೋಡುತ್ತ "ಹೌದ್ರಿ ಅವ್ವಾರ" ಅನ್ನುವನು. ಒಂದು ಸೋಮವಾರ ಅವನೂ ಬಾಯಿಬಿಟ್ಟ: "ನಮ್ಮ ಉಜ್ಜಿನಿನೂ ಬೆಲ್ಲಕ್ಕ ಹಂಗ ಬಿದ್ದು ಸಾಯ್ತಿದ್ಳ್ರಿ." ಅಲ್ಲಿಂದ ಇಬ್ಬರದೂ ನಡೆಯಿತು. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ರಸ್ತೆ ನೋಡುತ್ತ.

ಈಗ ಮೋಟಾರಿನ ರೋಗಕ್ಕೆ ಬರೋಣ. ಎಕ್ಸಲೇಟರ್ ತುಳಿದರೆ ಗಾಡಿ ತಕ್ಷಣ ಜಿಗಿಯಬೇಕು. ಇದು ಒಮ್ಮೆ ಗುಟುಕು ನುಂಗಿದಂತೆ ಮಾಡಿ, ಎರಡು ಉಸಿರು ತಡೆದು ಹೊರಡುತ್ತಿತ್ತು. ಕಾರ್ಬರೇಟರಿನೊಳಗೆ ಬೆರಳಿನಷ್ಟು ಸಣ್ಣ ಪಂಪೊಂದಿದೆ. ಪೆಡಲ್ ತುಳಿದಾಗ ಪೆಟ್ರೋಲನ್ನು ಚಿಮ್ಮಿಸುವುದು ಅದೇ. ಅದರ ತುದಿಯ ಚರ್ಮದ ಬಟ್ಟಲು ಹರಿದಾಗ ಬೊಮ್ಮಣ್ಣ ಒಂದು ಬುದ್ಧಿವಂತಿಕೆ ಮಾಡಿದ್ದ. ಬಾವಿಯಿಂದ ನೀರೆತ್ತುವ ಕಪಿಲೆಯ ಹಳೇ ಚರ್ಮದಲ್ಲಿ ಒಂದು ಚೂರು ಕತ್ತರಿಸಿ ಕೂರಿಸಿದ. ಇಪ್ಪತ್ತು ವರ್ಷ ನೀರು ಹಿಡಿದ ಚರ್ಮ ಪೆಟ್ರೋಲು ಹಿಡಿಯದೇ? ಹಿಡಿಯಲಿಲ್ಲ! ನೀರಿನಲ್ಲಿ ಉಬ್ಬುವ ಚರ್ಮ ಪೆಟ್ರೋಲಿನಲ್ಲಿ ಸೊರಗಿ ಹಪ್ಪಳವಾಯಿತು. ಪಂಪು ಒತ್ತಿದರೆ ಪೆಟ್ರೋಲು ಪಕ್ಕದಲ್ಲೇ ನುಸುಳಿಹೋಗುತ್ತಿತ್ತು.

ತಪ್ಪು ತಿಳಿಯಲು ಅವನಿಗೆ ತಿಂಗಳು ಹಿಡಿಯಲಿಲ್ಲ. ಸರಿಮಾಡಲು ಮೂರು ನಾಲ್ಕು ದಿನ ಸಾಕಿತ್ತು. ಅಷ್ಟರಲ್ಲಿ ಧಣಿಗಳ ಮಗ ಗಂಗಾಧರಪ್ಪ ಡ್ರೈವಿಂಗ್ ಕಲಿಯಲು ಕೂತ. "ನನಗ ಕೈ ಕುಂತ್ರ ಡ್ರೈವರ್ ಯಾಕ ಬೇಕು? ಬೊಮ್ಮಣ್ಣನ್ನ ಗೋದಾಮು ಕಾಯಾಕ ಹಾಕಿದ್ರಾತು" ಅಂತ ಪಡಸಾಲೆಯಲ್ಲಿ ಹೇಳಿದ್ದು ಹಿತ್ತಲಿಗೂ ಕೇಳಿಸಿತು. ಗೋದಾಮಿನಲ್ಲೂ ಅನ್ನ ಇತ್ತು. ಸೋಮವಾರ ಇರಲಿಲ್ಲ.

ಆ ಚರ್ಮಕ್ಕೆ ಅವನು ಕೈ ಹಚ್ಚಲಿಲ್ಲ. ಏರು ಬರುವ ಎರಡು ಉಸಿರು ಮುಂಚೆಯೇ ತುಳಿಯುವುದು ಅವನ ಕಾಲಿಗೆ ಪಳಗಿತ್ತು. ಗಂಗಾಧರಪ್ಪ ಕೂತರೆ ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುವುದು. "ಹಳೇ ಗಾಡಿ ನೋಡ್ರಿ ಸಣ್ಣ ಧಣೇರ, ಮೊಂಡು" ಅನ್ನುವನು ಬೊಮ್ಮಣ್ಣ, ಬೆಣ್ಣೆ ತಿಂದ ಬೆಕ್ಕಿನ ಹಾಗೆ. ಹೀಗೆ ಎರಡು ವರ್ಷ ಕಳೆಯಿತು.

ಗಂಗಾಧರಪ್ಪನ ಹೆಂಡತಿ ಅನ್ನದಾನಮ್ಮನಿಗೆ ಏಳು ತಿಂಗಳು ತುಂಬಿತ್ತು. ಬಳ್ಳಾರಿಯ ಡಾಕ್ಟರಮ್ಮನಿಗೆ ತೋರಿಸಲು ಹೊರಟರು. ನಾನೇ ಓಡಿಸುತ್ತೇನೆ ಅಂತ ಗಂಗಾಧರಪ್ಪ ಕೂತ, ಪಕ್ಕದಲ್ಲಿ ಬೊಮ್ಮಣ್ಣ. ಹಿರೇಹಾಳಿಗೆ ಹೋಗುವ ದಾರಿಯೇ ಅದು, ನಡುವೆ ಒಂದು ಹಳ್ಳ. ಅದರ ಏರಿನ ನಡುವೆ ಗಂಗಾಧರಪ್ಪ ಎಕ್ಸಲೇಟರ್ ತುಳಿದ. ಗಾಡಿ ಗುಟುಕು ನುಂಗಿತು, ಆಫಾಯಿತು, ಹಿಂದಕ್ಕೆ ಉರುಳಿತು. ಬೊಮ್ಮಣ್ಣ ಕೈಬ್ರೇಕು ಎಳೆಯುವಷ್ಟರಲ್ಲಿ ದೊಡ್ಡ ಕಲ್ಲಿಗೆ ಗುದ್ದಿ ನಿಂತಿತು. ಹಿಂದೆ ಕೂತಿದ್ದ ಅನ್ನದಾನಮ್ಮ "ಯವ್ವಾ" ಅಂತ ಹೊಟ್ಟೆ ಹಿಡಿದುಕೊಂಡಳು.

ಏನೂ ಆಗಿರಲಿಲ್ಲ, ಕೂಸು ಗಟ್ಟಿಯಾಗಿದೆ ಅಂದರು ಡಾಕ್ಟರಮ್ಮ. ಆದರೆ ಗಂಗಾಧರಪ್ಪನ ಮುಖ ನೋಡಲಾಗುತ್ತಿರಲಿಲ್ಲ. "ನನ್ನ ಕಾಲಿಗೇ ಬುದ್ಧಿ ಇಲ್ಲ ಬೊಮ್ಮಣ್ಣ. ಎರಡು ವರ್ಷ ಆತು, ಇನ್ನಾ ಕಲಿಯವಲ್ದು. ಹೆಂಡ್ತಿನ್ನ ಕೊಂದಬಿಡ್ತಿದ್ದೆ" ಅಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಉಪ್ಪು ತಿಂದ ಮನೆಗೆ ಎಂಥ ಕೆಲಸ ಮಾಡಿದೆನಪ್ಪಾ ಅಂತ ಬೊಮ್ಮಣ್ಣನಿಗೆ ಆ ಹೊತ್ತು ಊಟ ಸೇರಲಿಲ್ಲ.

ಮರುದಿನವೇ ಹಿತ್ತಲಲ್ಲಿ ಸರ್ವಮಂಗಳಮ್ಮನ ಮುಂದೆ ನಿಂತ. "ಅವ್ವಾರ, ಗಾಡಿ ಮೊಂಡಲ್ರಿ. ನಾನ ಮೊಂಡ. ರಿಪೇರಿ ಗೊತ್ತಿದ್ದೂ ಮಾಡಿಲ್ರಿ."

ಆಕೆ ಕಡ್ಲೆ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ನನಗ ಗೊತ್ತಿತ್ತಪ."

ಬೊಮ್ಮಣ್ಣ ತಲೆ ಎತ್ತಿದ.

"ನಿನ್ನ ಕೈಯಾಗ ಗಾಡಿ ಒಂದು ದಿನಾನೂ ನಿಲ್ಲಲಿಲ್ಲಲ್ಲ. ಬಳ್ಳಾರಿ ಕಾರ್ಖಾನಿಗೆ ಹಾಕ್ತೀನಿ ಅಂತ ಗಂಗಾಧರ ಎರಡು ಸಲ ಅಂದ. ಸುಳ್ಳೇ ಖರ್ಚು ಬ್ಯಾಡಂತ ನಾನ ತಡದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನನಗಾದ್ರೂ ಮಾತಾಡಾಕ ಯಾರದಾರ ಬೊಮ್ಮಣ್ಣ? ಆದ್ರ ಹೊಟ್ಯಾಗಿನ ಕೂಸಿನ ಮುಂದ ನಮ್ಮದೇನು ದೊಡ್ಡದು. ಸರಿ ಮಾಡಿಬಿಡಪ."

ಮಾಡಿದ. ಮನಸ್ಸಿಟ್ಟೇ ಮಾಡಿದ. ಗುಮ್ಮಘಟ್ಟಕ್ಕೆ ನಡೆದುಹೋಗಿ ಅಣ್ಣನ ಮನೆಯಿಂದ ಹದ ಮಾಡಿದ ಮೆತ್ತನೆಯ ಕುರಿಚರ್ಮ ಕೇಳಿ ತಂದ. ಗುಂಡಗೆ ಕತ್ತರಿಸಿ, ಮರದ ಗೂಟಕ್ಕೆ ಸುತ್ತಿ ಬಟ್ಟಲಿನ ಆಕಾರ ಕೊಟ್ಟ. ಶೇಂಗಾ ಎಣ್ಣೆ ಪೆಟ್ರೋಲಿಗೆ ತೊಳೆದುಹೋಗುತ್ತದೆ, ಹರಳೆಣ್ಣೆ ಹೋಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಎರಡು ದಿನ ಹರಳೆಣ್ಣೆಯಲ್ಲಿ ನೆನೆಸಿಟ್ಟ. ಪೆಡಲಿನ ಸರಳಿನಲ್ಲಿ ಸವೆದಿದ್ದ ಪಿನ್ನನ್ನೂ ಬದಲಿಸಿದ. ಎಲ್ಲ ಜೋಡಿಸಿ ತುಳಿದರೆ ಇಂಜಿನ್ನು ಕರೆದ ಕೂಡಲೇ ಓಗೊಟ್ಟಿತು. ಆ ಸದ್ದು ಕೇಳಿ ಅವನಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ಮುಂದಿನ ಸೋಮವಾರ, ಇನ್ನೊಂದೇ ಸಲ ನೋಡುತ್ತೇನೆ ಅಂತ ಗಂಗಾಧರಪ್ಪನೇ ಕೂತ. ಪಕ್ಕದಲ್ಲಿ ಬೊಮ್ಮಣ್ಣ, ಹಿಂದೆ ಸರ್ವಮಂಗಳಮ್ಮ. ಊರು ದಾಟಿತು. ಹಳ್ಳದ ಏರನ್ನು ಗಾಡಿ ಹೂವಿನಂತೆ ಹತ್ತಿತು. "ನೋಡಿದ್ಯಾ ಬೊಮ್ಮಣ್ಣ, ಕೊನಿಗೂ ಕೈ ಕುಂತು ನನಗ!" ಅಂತ ಗಂಗಾಧರಪ್ಪ ಕೂಗಿದ. "ಹೌದ್ರಿ" ಅಂದ ಬೊಮ್ಮಣ್ಣ. ತಪ್ಪು ಯಾರದಂತ ಅವನೂ ಹೇಳಲಿಲ್ಲ, ಆಕೆಯೂ ಹೇಳಿರಲಿಲ್ಲ.

ಹಿರೇಹಾಳಿನ ತನಕ ಹಿಂದಿನಿಂದ ಬಸಲಿಂಗಿಯ ಹೆಸರು ಬರಲಿಲ್ಲ. ಗಂಗಾಧರಪ್ಪ ತಿರುಗಿ ಕೇಳಿದ: "ಯಾಕಬೇ ಸುಮ್ಮನ ಕುಂತಿ? ಮೈಯಾಗ ಚಲೋ ಐತಿಲ್ಲ?"

"ಏನಿಲ್ಲಪ" ಅಂದರು ಸರ್ವಮಂಗಳಮ್ಮ. "ಗಾಡಿ ಚಲೋ ಓಡಾಕತ್ತೈತಿ."