ಹತ್ತು ಮಂದಿ ಕಬಡ್ಡಿಯವರ ಪಟ್ಟಿ

ನಮ್ಮ ಹಳೇ ಕಬಡ್ಡಿ ಆಟಗಾರರ ವಾಟ್ಸಾಪ್ ಗುಂಪಿಗೆ ಒಂದು ದಿನ ಯಾರೋ ವಿಡಿಯೊ ಕಳಿಸಿದರು. ಐಸ್ ಹಾಕಿ ಅಂತ ಒಂದು ಆಟವಂತೆ. ಅದರ ಸಾರ್ವಕಾಲಿಕ ಶ್ರೇಷ್ಠ ಹತ್ತು ಮಂದಿಯನ್ನು ಯಾವನೋ ಪುಣ್ಯಾತ್ಮ ಹತ್ತರಿಂದ ಒಂದರವರೆಗೆ ಎಣಿಸಿಕೊಂಡು ಬಂದಿದ್ದ. ನಮ್ಮಲ್ಲಿ ಒಬ್ಬನಿಗೂ ಆ ಆಟದ ತಲೆಬುಡ ಗೊತ್ತಿಲ್ಲ. ಐಸ್ ಅಂದರೆ ನಾವು ಕಂಡಿದ್ದು ಕಬ್ಬಿನ ಹಾಲಿನ ಗಾಡಿಯದ್ದು ಮಾತ್ರ. ಆದರೂ ಎರಡು ದಿನ ಅದರ ಮೇಲೆ ಜಗಳವಾಡಿದೆವು. ಮೂರನೆಯವನು ಎರಡನೆಯವನಾಗಬೇಕಿತ್ತು, ಗೋಲು ಕಾಯುವವನಿಗೆ ಅನ್ಯಾಯವಾಗಿದೆ, ಹೀಗೆ. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಕೂತು ನಾನೂ ನಾಲ್ಕು ಮಾತು ಸೇರಿಸಿದೆ.

ಗುಂಪನ್ನು ನಡೆಸುವವನು ಮಾಲೂರಿನ ಗೆಳೆಯ. ಅವನು ವಾಯ್ಸ್ ಮೆಸೇಜ್ ಹಾಕಿದ. "ಅವರಿಗಿದ್ರೆ ನಮ್ಗೂ ಬೇಕಲ್ವೇನ್ರೋ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕು ಸೇರಿಸಿ ಹತ್ತು ಜನದ ಪಟ್ಟಿ ಮಾಡಾಣ. ಮುಳಬಾಗಿಲು ಟೂರ್ನಮೆಂಟಿಗೆ ಫ್ಲೆಕ್ಸ್ ಹಾಕ್ಸಾಣ."

ಆಮೇಲೆ ಶುರುವಾಯಿತು ನೋಡಿ. ಕ್ಯಾಲನೂರಿನ ಒಬ್ಬ ಒಂದೇ ರೈಡಿನಲ್ಲಿ ನಾಲ್ವರನ್ನು ಔಟ್ ಮಾಡಿದ್ದ, ಅವನು ಬೇಕು. ಆವನಿಯ ಕಡೆಯ ಒಬ್ಬ ಬೆಟ್ಟ ಹತ್ತಿ ಹತ್ತಿ ದಮ್ಮು ಬೆಳೆಸಿಕೊಂಡಿದ್ದ, ಅವನನ್ನು ಬಿಡುವಂತಿಲ್ಲ. ಮಣ್ಣಿನಲ್ಲಿ ಆಡಿದವರನ್ನೂ ಮ್ಯಾಟಿನ ಮೇಲೆ ಆಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಅನ್ನುವ ಪ್ರಶ್ನೆಗೆ ಇಡೀ ಒಂದು ಭಾನುವಾರ ಹೋಯಿತು. ಎರಡನೇ ಸ್ಥಾನದಿಂದ ಹತ್ತರವರೆಗೆ ಹೀಗೆ ಎಳೆದಾಟ ನಡೆದರೂ ಒಂದನೇ ಸ್ಥಾನಕ್ಕೆ ಯಾರೂ ತಕರಾರು ಎತ್ತಲಿಲ್ಲ. ಅಲ್ಲಿ ನನ್ನ ಹೆಸರಿತ್ತು.

"ಆ ಒಂದು ಕ್ಯಾಚ್ ಸಾಕು" ಅಂತ ಎಲ್ಲರೂ ಬರೆದರು.

ನಾನು ಎಡಗಡೆ ಕಾರ್ನರಿನಲ್ಲಿ ನಿಲ್ಲುತ್ತಿದ್ದೆ. ರೈಡರ್ ಒಳಗೆ ಬಂದಾಗ ಅವನ ಕಣಕಾಲು ಹಿಡಿಯುವುದು ನನ್ನ ಕೆಲಸ. ಒಳ್ಳೆಯ ಆಟಗಾರನೇ ಆಗಿದ್ದೆ, ಸುಳ್ಳು ವಿನಯ ನನಗೆ ಬರುವುದಿಲ್ಲ. ಆದರೆ ನಾನು ನೋಡಿದವರಲ್ಲಿ ಒಂದನೆಯವನು ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ರೈಡರ್. ನನಗಿಂತ ಎರಡು ವರ್ಷ ಚಿಕ್ಕವನು. ಹಿಡಿಯಲು ಬಂದವರ ತಲೆಯ ಮೇಲಿಂದ ಹಾರಿ ನಡುಗೆರೆ ಮುಟ್ಟುತ್ತಿದ್ದ. ಮೂರು ವರ್ಷ ಅವನನ್ನು ಹಿಡಿದವರೇ ಇಲ್ಲ. ಹನ್ನೊಂದು ವರ್ಷದ ಹಿಂದೆ, ಒಂದು ಒಣಗಿದ ಕೆರೆಯ ಅಂಗಳದಲ್ಲಿ ನಡೆದ ಫೈನಲ್ಲಿನಲ್ಲಿ ನಾನು ಹಿಡಿದೆ. ಅವನು ಹಾರಿದ್ದ, ಗಾಳಿಯಲ್ಲಿದ್ದಾಗಲೇ ಕಣಕಾಲು ನನ್ನ ಕೈಗೆ ಸಿಕ್ಕಿತು. ಅವನು ತಲೆಕೆಳಗಾಗಿ ಬಿದ್ದ.

ಹಿಡಿದದ್ದು ನಿಯಮದ ಪ್ರಕಾರವೇ ಇತ್ತು. ಅದರ ಬಗ್ಗೆ ಅಂದೂ ಇಂದೂ ನನಗೆ ಅನುಮಾನವಿಲ್ಲ. ತಪ್ಪಾದದ್ದು ಆಮೇಲೆ. ನಮ್ಮ ಕಡೆ ಅಂಗಳದಲ್ಲಿ ಒಂದು ರೂಢಿಯಿದೆ: ಬೀಳಿಸಿದವನೇ ಎಬ್ಬಿಸಬೇಕು. ಎಬ್ಬಿಸದೆ ಬೆನ್ನು ತಿರುಗಿಸಿದವನನ್ನು ಜನ ಉಗಿಯುತ್ತಾರೆ. ಅವನು ಮಕಾಡೆ ಬಿದ್ದಿದ್ದ. ಬಲಗೈ ಬೆರಳುಗಳು ಮಣ್ಣು ಕೆದಕುತ್ತಿದ್ದವು. ನಾನು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವನ ತಲೆ ಮುಂದಕ್ಕೆ ಬಿತ್ತು, ಕಾಲುಗಳು ಮಡಚಿಕೊಂಡವು, ಇಡೀ ಮೈ ಭಾರ ನನ್ನ ಕೈ ಮೇಲೆ ಬಂತು. ಕೆಳಗೆ ಮಲಗಿಸಿದಾಗ ಬೆರಳು ಆಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, "ಕತ್ತಿಗೆ ಪೆಟ್ಟಾದವನನ್ನ ಎತ್ತಿ ನಿಲ್ಲಿಸಿದ್ದು ಯಾರ್ರೀ?" ಅಂತ ಕೇಳಿದರು. ಅಲ್ಲಿ ಎರಡೂ ತಂಡದ ಹದಿನೈದು ಜನ ಇದ್ದೆವು. ಯಾರೂ ಬಾಯಿ ಬಿಡಲಿಲ್ಲ. ಉಳಿದವರು ನನ್ನನ್ನು ಕಾಪಾಡಲು ಸುಮ್ಮನಿದ್ದರು. ನಾನು ಹೆದರಿ ಸುಮ್ಮನಿದ್ದೆ. ಆಮೇಲೆ ಯಾರಾದರೂ ಆ ಪಂದ್ಯದ ಮಾತೆತ್ತಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗುತ್ತಿತ್ತು ನನ್ನ ಸ್ಥಿತಿ. ಹನ್ನೊಂದು ವರ್ಷದಲ್ಲಿ ಅವನನ್ನು ನೋಡಲು ಎರಡು ಸಲ ಹೋಗಿದ್ದೆ. ಎರಡು ಸಲವೂ ಬಾಳೆಹಣ್ಣು ಕೊಟ್ಟು, ಹವೆಯ ಬಗ್ಗೆ ಮಾತಾಡಿ ಎದ್ದು ಬಂದಿದ್ದೆ.

ಪಟ್ಟಿ ಪೂರ್ತಿಯಾದಾಗ ನೋಡುತ್ತೇನೆ, ಹತ್ತರಲ್ಲಿ ಎಲ್ಲಿಯೂ ಅವನಿಲ್ಲ. ಮಾಲೂರಿನವನಿಗೆ ಫೋನ್ ಮಾಡಿದೆ.

"ಮೂರೇ ವರ್ಷ ಆಡಿದ್ದಲ್ವೇನೋ ಅವ್ನು" ಅಂದ. ಆಮೇಲೆ ಧ್ವನಿ ತಗ್ಗಿಸಿ, "ಒಳ್ಳೆ ಕಾರ್ಯಕ್ರಮ ಮಾಡ್ತಿದ್ದೀವಿ. ಹುಡುಗ್ರು ಆಡೋ ಕಡೆ ಅವನ ಮುಖ ಯಾಕೆ? ಅಪಶಕುನ ಅಂತಾರೆ ಕಣೋ" ಅಂದ.

ನನಗೆ ಮೈ ಉರಿಯಿತು. ಅವನನ್ನು ಹಿಡಿದದ್ದಕ್ಕೆ ನಾನು ಒಂದನೆಯವನು, ಹಿಡಿಸಿಕೊಂಡವನು ಅಪಶಕುನ. ವಾರದ ರಜೆಯ ದಿನ ಬೈಕ್ ಹತ್ತಿ ಶ್ರೀನಿವಾಸಪುರದ ಕಡೆ ಹೊರಟೆ. ಅವನ ಹಳೆಯ ಫೋಟೊ ತರಬೇಕು, ಪಟ್ಟಿಯಲ್ಲಿ ಅವನನ್ನು ಮೊದಲಿಗೆ ಹಾಕಿಸಬೇಕು, ನನ್ನ ಹೆಸರು ತೆಗೆಸಬೇಕು. ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಹೋದೆ.

ಮನೆಯ ನಡುಮನೆಯಲ್ಲಿ ಅವನ ಅಕ್ಕ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಗಂಡನ ಮನೆಯನ್ನು ಬಿಟ್ಟು ಬಂದು ಇವನನ್ನು ನೋಡಿಕೊಳ್ಳುತ್ತಿರುವವರು ಅವರೇ. ನನ್ನನ್ನು ಕಂಡು, "ಎವರೊಚ್ಚಿನಾರೋ ಸೂಡು" ಅಂತ, ಯಾರು ಬಂದಿದ್ದಾರೆ ನೋಡು ಅಂತ, ತಮ್ಮನಿಗೆ ತೆಲುಗಿನಲ್ಲಿ ಕೂಗಿ ಹೇಳಿದರು. ಅವನು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದ. ಆ ತೊಡೆಗಳು ನನ್ನ ಮುಂಗೈ ಗಾತ್ರಕ್ಕೆ ಇಳಿದಿದ್ದವು.

"ಬಾ ಅಣ್ಣ. ಒಂದನೇ ನಂಬರ್ ಅಂತಲ್ಲ" ಅಂದ. ಪಟ್ಟಿ ಅವನಿಗೂ ತಲುಪಿತ್ತು.

ನಾನು ಬಂದ ಕಾರಣ ಹೇಳಿದೆ. ಅವನು ನಕ್ಕ. "ಬಿದ್ದವನು ಒಂದನೆಯವ್ನು ಹೆಂಗಾಗ್ತಾನೆ? ಆಟ ಗೊತ್ತಿಲ್ದವರ ತರ ಮಾತಾಡ್ತೀಯಲ್ಲ."

ಆಗ ನನ್ನ ಬಾಯಿಂದ ಬಂತು. ಯೋಚಿಸಿ ಆಡಿದ್ದಲ್ಲ. "ಅವತ್ತು ನಿನ್ನ ಎತ್ತಿ ನಿಲ್ಲಿಸಿದ್ದು ನಾನು."

"ಗೊತ್ತು."

"ಎತ್ತೋವರ್ಗೂ ನಿನ್ನ ಬೆರಳು ಆಡ್ತಿತ್ತು. ನಾನು ನೋಡ್ದೆ."

"ಅದೂ ಗೊತ್ತು. ಬೆರಳು ನಂದೇ ಅಲ್ವಾ?"

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಅಕ್ಕನಿಗೆ ಇದು ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ನಾಚಿಕೆಯಿಂದ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

"ಡಾಕ್ಟ್ರು ಕೇಳ್ದಾಗ ನನಗೆ ಒಳಗೆ ಕೇಳಿಸ್ತಿತ್ತು" ಅಂದ ಅವನು. "ಹೇಳ್ತೀಯ ಅಂದ್ಕೊಂಡೆ. ಎರಡು ಸಲ ಮನೆಗೆ ಬಂದೆ, ಆಗ್ಲೂ ಹೇಳ್ತೀಯ ಅಂದ್ಕೊಂಡೆ. ಬಾಳೆಹಣ್ಣು ಇಟ್ಟು ಹೋದೆ."

"ನನ್ನ ಹೆಸರು ತೆಗೆಸ್ತೀನಿ."

"ತೆಗೆಸ್ಬೇಡ." ಮೊದಲ ಸಲ ಅವನ ಧ್ವನಿ ಗಡುಸಾಯಿತು. "ಆ ಕ್ಯಾಚ್ ಸರಿಯಾಗಿತ್ತು. ಅಂಥದ್ದು ಇನ್ನೊಂದು ನಾನು ನೋಡಿಲ್ಲ. ದಿನಾ ಬೆಳಿಗ್ಗೆ ನಮ್ಮಕ್ಕ ಮೈ ತೊಳೆಯೋವಾಗ, ಹೋಗ್ಲಿ, ಎಲ್ಲರಿಗಿಂತ ಗಟ್ಟಿಯವನ ಕೈಲಿ ಬಿದ್ದೆ ಅಂದ್ಕೊತೀನಿ. ನೀನು ಹೆಸರು ತೆಗೆಸ್ಕೊಂಡು ಪುಣ್ಯ ಕಟ್ಕೊಂಡ್ರೆ, ನಾನು ಯಾರ ಕೈಲಿ ಬಿದ್ದೆ ಅಂದ್ಕೊಳ್ಳಲಿ?"

ಮಾಲೂರಿನವನಿಗೆ ಅವನ ಎದುರೇ ಫೋನ್ ಮಾಡಿ, ಒಂದನೆಯದು ನಾನೇ ಇರಲಿ, ಎರಡನೆಯದಕ್ಕೆ ಇವನು ಬರಬೇಕು, ಇಲ್ಲವಾದರೆ ಇಬ್ಬರ ಮುಖವೂ ಬೇಡ ಅಂದೆ. ಮಾಲೂರಿನವನು ಗೊಣಗುತ್ತಲೇ ಒಪ್ಪಿದ.

ಅಕ್ಕ ಒಳಗಿನಿಂದ ಹಳೆಯ ಫೋಟೊ ತಂದರು. ಚಡ್ಡಿ, ಬನಿಯನ್ನು, ಗಾಳಿಯಲ್ಲಿ ಮೇಲಕ್ಕೆದ್ದ ಕಾಲು. ಅವನು ಅದರ ಕಡೆ ನೋಡಲಿಲ್ಲ.

"ಅದು ಬೇಡ. ಈಗಿಂದೇ ತೆಗಿ" ಅಂದ. "ಕುರ್ಚಿ ಸಮೇತ."

ಮೊಬೈಲ್ ಎತ್ತಿ ಹಿಡಿದೆ. ಅವನು ಕುರ್ಚಿಯಲ್ಲಿ ಕೆಳಕ್ಕೆ ಜಾರಿದ್ದ, ಗಲ್ಲ ಎದೆಗೆ ತಾಗುತ್ತಿತ್ತು. ಅಕ್ಕ ಸರಿಮಾಡಲು ಮುಂದೆ ಬಂದರು.

"ನೀನು ಬಿಡಕ್ಕ. ಅಣ್ಣ ಎತ್ತಲಿ."

ಮೊಬೈಲನ್ನು ಕಿಟಕಿಯ ಅಂಚಿನಲ್ಲಿಟ್ಟು, ಕುರ್ಚಿಯ ಹಿಂದಕ್ಕೆ ಹೋಗಿ, ಅವನ ಎರಡೂ ಕಂಕುಳಿಗೆ ಕೈ ಹಾಕಿದೆ.

"ಮೆಲ್ಲಗೆ" ಅಂದ.